ಗಂಡಿನ ಕಡೆಯೋ, ಕೀಬೋರ್ಡಿನ ಕಡೆಯೋ?

ಮೊನ್ನೆ ವೈಶಾಖದಲ್ಲಿ ನಂಜನಗೂಡು ರಸ್ತೆಯ ಛತ್ರವೊಂದರಲ್ಲಿ ಆರತಕ್ಷತೆಗೆ ಹೋಗಿದ್ದೆ. ಗಂಡು ಯಾರೋ ಗೊತ್ತಿಲ್ಲ, ಹೆಣ್ಣು ಯಾರೋ ಗೊತ್ತಿಲ್ಲ. ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಸೀದಾ ಹೋಗಿ ಎರಡನೇ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂತೆ. ಮೂರು ಹಾಡು ಮುಗಿಯುವಷ್ಟರಲ್ಲಿ ಹೆಣ್ಣಿನ ತಂದೆ ಬಂದು ಕೈಮುಗಿದರು. “ಊಟ ಆಯ್ತೇ? ತಾವು ಗಂಡಿನ ಕಡೆಯವರಲ್ವೇ?” ಅಂದರು. ಮದುವೆ ಮನೆಯಲ್ಲಿ ನಿಂತು ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಸಾರ್, ಕೀಬೋರ್ಡಿನ ಕಡೆ” ಅಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಹಾಗಾದ್ರೆ ನಿಮ್ಮದು ಕೊನೇ ಪಂಕ್ತಿ, ಡ್ರೈವರುಗಳ ಜೊತೆ” ಅಂದು ಮುಂದೆ ಹೋದರು.

ಇದರಲ್ಲಿ ನನಗೇನೂ ಅವಮಾನ ಅನ್ನಿಸಲಿಲ್ಲ. ಕೊನೇ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಕಮ್ಮಿ ಬೀಳುತ್ತದೆ ಅನ್ನುವುದು ಬಿಟ್ಟರೆ ಆ ಊಟಕ್ಕೇನೂ ಕೊರತೆಯಿಲ್ಲ. ಪಕ್ಕದಲ್ಲೇ ಗಾಯಕರು ಕೂತಿರುತ್ತಾರಲ್ಲ! ಮನೆಯಲ್ಲಿ ರಂಪವಾದದ್ದು ಊಟಕ್ಕಲ್ಲ, ಮುಯ್ಯಿಗೆ. ಹಾಡಿನ ಹುರುಪಿನಲ್ಲಿ ಗುರುತಿಲ್ಲದ ಆ ದಂಪತಿಗೆ ಕವರಿನಲ್ಲಿ 501 ಹಾಕಿ ಕೊಟ್ಟುಬಂದಿದ್ದೆ. “ನನ್ನ ಚಿಕ್ಕಪ್ಪನ ಮೊಮ್ಮಗನ ನಾಮಕರಣಕ್ಕೆ 101 ಸಾಕು ಅಂದೋರು ನೀವೇ ಅಲ್ವೇನ್ರೀ?” ಅಂದಳು ನನ್ನವಳು. ಅಲ್ಲ ಅನ್ನಲಾಗಲಿಲ್ಲ. ಆ ನಾಮಕರಣದಲ್ಲಿ ಆರ್ಕೆಸ್ಟ್ರಾ ಇರಲಿಲ್ಲ ಅನ್ನುವ ಸಮರ್ಥನೆ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೈದು ವರ್ಷದ ಸಂಸಾರದ ಅನುಭವ ಅದನ್ನು ಅಲ್ಲೇ ತಡೆಯಿತು.

ನಾನು ಬೆನ್ನು ಹತ್ತಿರುವ ಈ ಆರ್ಕೆಸ್ಟ್ರಾ ನಮ್ಮ ಮೈಸೂರಿನದೇ, ನಮ್ಮ ಮೊಹಲ್ಲಾದ್ದೇ. ಹೆಸರು ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬಂತೆಂದರೆ ರೇಟು ಏರಿಸಿಬಿಡುತ್ತಾರೆ, ಆಮೇಲೆ ನಮ್ಮ ಗಣಪತಿ ಸಮಿತಿಯವರು ನನ್ನನ್ನು ಹಿಡಿದುಕೊಳ್ಳುತ್ತಾರೆ. ಕೀಬೋರ್ಡಿನವನು ಹಗಲಲ್ಲಿ ವಿಮೆ ಏಜೆಂಟ್. ಅವನು ಎರಡು ಹಾಡಿನ ನಡುವೆ ಮೈಕ್ ಹಿಡಿದರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ರಿದಂ ಪ್ಯಾಡ್ ಬಾರಿಸುವವನದು ಪಂಚರ್ ಅಂಗಡಿ. ತಬಲಾದವರು ನಿವೃತ್ತ ಮೇಷ್ಟ್ರು, ಲೆಕ್ಕದ ಮೇಷ್ಟ್ರಾದ್ದರಿಂದ ತಾಳ ತಪ್ಪಿದವರ ಕಡೆ ಈಗಲೂ ಬೆತ್ತ ಹುಡುಕುವವರಂತೆ ನೋಡುತ್ತಾರೆ. ಗಾಯಕಿ ನರ್ಸ್. ರಾತ್ರಿ ಪಾಳಿ ಇದ್ದ ದಿನ ಅವರ ಹಾಡುಗಳೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಮುಗಿದು, ಉಳಿದ ಯುಗಳಗೀತೆಗಳನ್ನು ಗಂಡಸು ಒಬ್ಬನೇ ಎರಡೂ ಕಡೆಯಿಂದ ಹಾಡುತ್ತಾನೆ. ಆ ಗಂಡಸು ಸಾಮಾನ್ಯದವನಲ್ಲ. ಒಂದೇ ಗಂಟಲಿನಲ್ಲಿ ಪಿ.ಬಿ. ಶ್ರೀನಿವಾಸ್, ಅಣ್ಣಾವ್ರು, ಎಸ್ಪಿಬಿ ಮೂವರೂ ಬಾಡಿಗೆಗೆ ಇದ್ದಾರೆ. ನೆಗಡಿಯಾದ ದಿನ ಮಾತ್ರ ಮೂವರೂ ಒಟ್ಟಿಗೆ ಮನೆ ಖಾಲಿ ಮಾಡಿಬಿಡುತ್ತಾರೆ.

ಈ ತಂಡಕ್ಕೆ ಕಾಯಂ ಅಭಿಮಾನಿಗಳು ಮೂರು ಜನ. ಒಬ್ಬ ನಾನು, ಇನ್ನೊಬ್ಬ ರಿದಂ ಪ್ಯಾಡಿನವನ ತಮ್ಮ, ಮೂರನೆಯವರು ಸಾಲ ಕೊಟ್ಟವರು, ವಸೂಲಿಗೆ ಬರುತ್ತಾರೆ. ಹಾಗಾಗಿ ನಿಷ್ಕಾಮ ಅಭಿಮಾನಿ ನಾನೊಬ್ಬನೇ. ಅದರ ಫಲವಾಗಿ ಸ್ಪೀಕರ್ ಡಬ್ಬ ಎತ್ತುವಾಗ ಮೊದಲು ಕರೆಯುವುದೂ ನನ್ನನ್ನೇ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಲು ಸೊಂಟನೋವು ಅನ್ನುವವನು ಇಲ್ಲಿ ಆಂಪ್ಲಿಫೈಯರ್ ಹೊತ್ತು ಮೆಟ್ಟಿಲೇರುವ ವಿಷಯ ನನ್ನವಳ ಕಿವಿಗೆ ಬಿದ್ದಿದೆ. ಅವಳು ಅದನ್ನು ಸರಿಯಾದ ಸಮಯಕ್ಕೆ ಅಂತ ಎತ್ತಿಟ್ಟುಕೊಂಡಿದ್ದಾಳೆ.

ಸಂಗೀತದ ಅಭಿಮಾನಿ ಅಂದಮೇಲೆ ಸಂಗೀತಜ್ಞಾನ ಇರಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲ ಸ್ವಾಮಿ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿಯ ಕಚೇರಿಗಳಿಗೆ ಎಷ್ಟೋ ವರ್ಷದಿಂದ ಹೋಗುತ್ತಿದ್ದೇನೆ. ರಸ್ತೆಯಲ್ಲೇ ಪೆಂಡಾಲು, ಟಿಕೆಟ್ಟಿಲ್ಲ, ಹಾಡುವವರು ಮಾತ್ರ ಘಟಾನುಘಟಿಗಳು. ಅಲ್ಲಿ ಪಕ್ಕದವರು ಯಾವಾಗ ತಲೆದೂಗುತ್ತಾರೋ ನೋಡಿಕೊಂಡು ನಾನೂ ತೂಗುವುದು ರೂಢಿ. ಒಂದು ಸಂಜೆ ಗೊತ್ತಾಯಿತು, ಅವರೂ ನನ್ನನ್ನು ನೋಡಿಕೊಂಡೇ ತೂಗುತ್ತಿದ್ದರು! ವೇದಿಕೆಯ ಮೇಲಿದ್ದ ವಿದ್ವಾಂಸರು ಮಾತ್ರ, ಎಂಥ ರಸಿಕರಪ್ಪ ಇವರಿಬ್ಬರು ಅಂತ ಹುರುಪೇರಿ, ಇನ್ನೆರಡು ಆವರ್ತ ಹೆಚ್ಚಿಗೇ ಸ್ವರ ಹಾಕಿದರು. ಸಭೆಗೆಲ್ಲ ಲಾಭವಾಯಿತು. ಅದಕ್ಕೆ ಕಾರಣ ನಮ್ಮಿಬ್ಬರ ಅಜ್ಞಾನ.

ಅಭಿಮಾನಿಗೆ ಕಿವಿಗಿಂತ ನಾಲಿಗೆ ಮುಖ್ಯ. ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿಗೆ ಬಂದರೆ ನಿಮಗೇ ಗೊತ್ತಾಗುತ್ತದೆ. ಅಲ್ಲಿ ಮೂರು ಪಕ್ಷಗಳಿವೆ. ಪಿಬಿಎಸ್ ಪಕ್ಷದ ಹಿರಿಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಪಿಬಿಎಸ್ ಜೇಬಿನ ತುಂಬ ಪೆನ್ನು ಇಟ್ಟುಕೊಳ್ಳುತ್ತಿದ್ದರಲ್ಲ, ಆ ಗೌರವಕ್ಕೆ ಇವರೂ ವಾಕಿಂಗಿಗೆ ನಾಲ್ಕು ಪೆನ್ನು ಸಿಕ್ಕಿಸಿಕೊಂಡು ಬರುತ್ತಾರೆ. ಒಂದರಲ್ಲೂ ಇಂಕಿಲ್ಲ. ಅವರ ಪ್ರಕಾರ ಕನ್ನಡ ಸಿನಿಮಾ ಸಂಗೀತ 1974ಕ್ಕೆ ಮುಗಿದುಹೋಯಿತು. ಯಾಕೆಂದರೆ ಆ ವರ್ಷ ‘ಸಂಪತ್ತಿಗೆ ಸವಾಲ್’ ಬಂತು, ಆವರೆಗೆ ಪಿಬಿಎಸ್ ಕಂಠದಲ್ಲಿ ಹಾಡುತ್ತಿದ್ದ ಅಣ್ಣಾವ್ರು ಎಮ್ಮೆಯ ಮೇಲೆ ಕೂತು ತಮ್ಮ ಕಂಠದಲ್ಲೇ ಹಾಡಿಬಿಟ್ಟರು. ಅಣ್ಣಾವ್ರ ಪಕ್ಷದವನು ಹಾಲಿನ ಬೂತಿನವನು. ಕನ್ನಡ ಸಿನಿಮಾ ಸಂಗೀತ 1974ರಲ್ಲೇ ಶುರುವಾಯಿತು ಅನ್ನುವುದು ಅವನ ವಾದ. ‘ಜೀವನ ಚೈತ್ರ’ದ ಹಾಡಿಗೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂದದ್ದನ್ನು ಅವನು ದಿನಾ ಹಾಲಿನ ಜೊತೆ ಮನೆಮನೆಗೆ ಹಾಕುತ್ತಾನೆ.

ಎಸ್ಪಿಬಿ ಪಕ್ಷದವನು ಬ್ಯಾಂಕಿನ ಕ್ಯಾಷಿಯರ್, ಅಂಕಿಯಲ್ಲೇ ಮಾತಾಡುತ್ತಾನೆ. “1981, ಫೆಬ್ರವರಿ 8. ಬೆಂಗಳೂರಲ್ಲಿ ಉಪೇಂದ್ರಕುಮಾರ್ ಸಂಗೀತಕ್ಕೆ ಒಂದೇ ದಿನ 21 ಹಾಡು! ಬೆಳಿಗ್ಗೆ 9ರಿಂದ ರಾತ್ರಿ 9!” ಅಂತ ಅವನು ಹೇಳಿದಾಗ ಪೆನ್ನಿನ ಹಿರಿಯರು, “ದಿನಕ್ಕೆ ಇಪ್ಪತ್ತೊಂದು ಹುಯ್ಯೋದು ದೋಸೆ ಕಣಯ್ಯ, ಹಾಡಲ್ಲ” ಅಂದರು. ಕ್ಯಾಷಿಯರ್ ಬಿಡುವನೇ? “ಆಯ್ತು ಸಾರ್, ದೋಸೇನೇ ಅಂದ್ಕೊಳ್ಳಿ. ಒಂದಾದ್ರೂ ಸೀದಿತ್ತೇ ಹೇಳಿ!” ಅಂದ. ಹಿರಿಯರು ಎದ್ದು ಇನ್ನೊಂದು ಸುತ್ತು ವಾಕಿಂಗ್ ಹೊರಟರು. ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿರುವುದು ಎಸ್ಪಿಬಿಯವರಿಂದಲೇ ಅಂತ ನಮ್ಮ ಲೆಕ್ಕ.

ಇನ್ನು ನಮ್ಮ ಊರಿನವರೇ ದೊಡ್ಡ ಕಲಾವಿದರಾದರೆ ಅಭಿಮಾನಿಗೆ ಬರುವ ಕಳೆಯೇ ಬೇರೆ. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಗಿಟಾರ್ ಹಿಡಿದು, ಲುಂಗಿ ಉಟ್ಟು ಗೆಜ್ಜೆ ಕಟ್ಟಿ, ಶಿಶುನಾಳ ಶರೀಫರ ತತ್ವಪದವನ್ನು ಲಂಡನ್ನಿನವರೂ ಕುಣಿಯುವ ಹಾಗೆ ಹಾಡಿದವರು. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ಬ್ಯಾಂಡಿನವರು. 2008ರಲ್ಲಿ ರಘು ಅವರ ಆಲ್ಬಂ ಬಂದು ಹೆಸರಾದ ಮೇಲೆ ಒಂದು ಸೋಜಿಗ ನಡೆಯಿತು. ಮೈಸೂರಿನಲ್ಲಿ ಅವರ ವಯಸ್ಸಿನ ಆಸುಪಾಸಿನವರೆಲ್ಲ ಅವರ ಕ್ಲಾಸ್‌ಮೇಟುಗಳಾಗಿಬಿಟ್ಟರು. ಅಷ್ಟು ಮಂದಿ ಹಿಡಿಸುವ ಕ್ಲಾಸ್‌ರೂಮು ಈ ಊರಲ್ಲಿ ಎಲ್ಲಿತ್ತೋ ನನಗಂತೂ ತಿಳಿಯದು. ದಸರಾ ವಸ್ತುಪ್ರದರ್ಶನದ ಮೈದಾನದಲ್ಲೇ ಪಾಠ ನಡೆದಿರಬೇಕು. ನಾನು ಅಂಥ ಸುಳ್ಳು ಹೇಳುವವನಲ್ಲ. ನಾನು ಪಕ್ಕದ ಕ್ಲಾಸಿನವನು.

ನನ್ನ ಈ ಅಭಿಮಾನದ ಕಾಯಿಲೆಯನ್ನು ಆಡಿಕೊಳ್ಳುವ ಅತ್ತೆ ಮನೆಯಲ್ಲೇ ಇನ್ನೊಬ್ಬ ರೋಗಿ ಇದ್ದಾನೆ: ನನ್ನ ಭಾವಮೈದ. ಅವನದು ಮೆಟಲ್. 2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ತಂಡ ಭಾರತಕ್ಕೆ ಮೊದಲ ಸಲ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತಲ್ಲ, ಅಂದು ಮುಂದಿನ ಕಟಕಟೆಗೆ ಒತ್ತಿಕೊಂಡು ನಿಂತವನು. ಆ ದಿನದ ಕರಿ ಟೀ ಶರ್ಟನ್ನು ಮಡಿಬಟ್ಟೆಯ ಹಾಗೆ ಎತ್ತಿಟ್ಟಿದ್ದ. ತಂಡದ ಲಾಂಛನವಾದ ಎಡ್ಡಿ ಎಂಬ ಅಸ್ಥಿಪಂಜರ ಅದರ ಮೇಲೆ ಹಲ್ಲು ಕಿರಿಯುತ್ತಿತ್ತು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಅದನ್ನೇ ಹಾಕಿಕೊಂಡು ಹೋಗಬೇಕೆಂದು ಹುಡುಕುತ್ತಾನೆ, ಇಲ್ಲ. ಅಡುಗೆಮನೆಗೆ ಬಂದರೆ ಒಲೆಯ ಪಕ್ಕ ಎಡ್ಡಿ ಒದ್ದೆಯಾಗಿ ಮಲಗಿದ್ದಾನೆ. “ಭೂತದ ಚಿತ್ರ ಇರೋ ಬನೀನು ಕಣೋ, ಮನೇಲಿಟ್ರೆ ಏಳ್ಗೆ ಆಗಲ್ಲ. ಆದ್ರೂ ನೀರು ಚೆನ್ನಾಗಿ ಹೀರ್ಕೊಳ್ಳುತ್ತೆ” ಅಂದರು ನಮ್ಮತ್ತೆ. ಹುಡುಗ ಎರಡು ದಿನ ಊಟ ಬಿಟ್ಟ. ಸಮಾಧಾನ ಮಾಡಲು ಹೋದ ನನ್ನ ಕೈಹಿಡಿದು, “ಭಾವ, ಈ ಮನೇಲಿ ನನ್ನ ಅರ್ಥ ಮಾಡ್ಕೊಂಡೋರು ನೀವೊಬ್ರೇ” ಅಂದ. ಅವನ ಸಂಗೀತ ಕೇಳಿದರೆ ನನಗೆ ರಸ್ತೆ ಅಗೆಯುವ ಯಂತ್ರದ ನೆನಪಾಗುತ್ತದೆ. ಅದನ್ನು ಹೇಳಲಿಲ್ಲ. ಅಭಿಮಾನಿಯ ನೋವು ಅಭಿಮಾನಿಗೇ ಗೊತ್ತು.

ಮುಯ್ಯಿಯ ರಂಪ ನಡೆದ ರಾತ್ರಿ ನಾನು ಒಂದು ವಾದ ಹೂಡಿದೆ. “ಅಭಿಮಾನ ಅಂದ್ರೆ ಕಮ್ಮಿ ಅಂದ್ಕೋಬೇಡ ಕಣೇ. ನಮ್ಮ ಜಯಚಾಮರಾಜ ಒಡೆಯರು ಏನು ಮಾಡಿದ್ರು ಗೊತ್ತಾ?” ಅಂತ ಶುರುಮಾಡಿದೆ. ಮಹಾರಾಜರ ಬಳಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಮೆಟ್ನರ್ ಎಂಬ ರಷ್ಯದ ಮುದಿ ಸಂಗೀತಗಾರನ ಕೃತಿಗಳನ್ನು ಮೆಚ್ಚಿ, ಅವನ್ನು ಧ್ವನಿಮುದ್ರಿಸಲು ಮೈಸೂರಿನಿಂದ ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಅದಕ್ಕೆ ನಷ್ಟವಾದರೆ ತುಂಬಿಕೊಡುತ್ತೇನೆಂದು 4,800 ಡಾಲರಿನ ಭರವಸೆ ಕೊಟ್ಟವರು ನಮ್ಮ ಮೈಸೂರು ಮಹಾರಾಜರು. ತಮಾಷೆಯೆಂದರೆ ಆ ಸಂಜೆ ಅವರು ಅಲ್ಲಿರಲೇ ಇಲ್ಲ. ಧ್ವನಿಮುದ್ರಿಸಿದ ತಟ್ಟೆಗಳು ಹಡಗೇರಿ ಮೈಸೂರಿಗೆ ಬಂದವು.

“ಇನ್ನೂ ಕೇಳು. ಬಂಟ್ವಾಳದ ಸಜೀಪದ ಒಬ್ಬ ಹುಡುಗ, ನಾಗಸ್ವರದವರ ಮಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಬಾಯಿಬಿಟ್ಟುಕೊಂಡು ನಿಂತ. ಪರದೇಶದ ಆ ಹಿತ್ತಾಳೆ ಕೊಳವೆಯಲ್ಲಿ ನಮ್ಮ ಗಮಕ ಹೊರಡಿಸಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಒದ್ದಾಡಿದ. ಅವರೇ ಕದ್ರಿ ಗೋಪಾಲನಾಥರು. 1994ರಲ್ಲಿ ಅದೇ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಸಂಗೀತೋತ್ಸವದಲ್ಲಿ ಕಚೇರಿ ಮಾಡಿದ್ರು. ಊರ ಬ್ಯಾಂಡಿನ ಮುಂದೆ ಬಾಯಿಬಿಟ್ಟು ನಿಲ್ಲೋದು ಅಂದ್ರೆ ಸಾಮಾನ್ಯವೇನೇ?”

ನನ್ನವಳು ಹುರುಳಿಕಾಯಿ ನಾರು ತೆಗೆಯುತ್ತ ಎಲ್ಲವನ್ನೂ ಸಮಾಧಾನವಾಗಿ ಕೇಳಿದಳು. ಆಮೇಲೆ, “ಮಹಾರಾಜರು ಅವರ ದುಡ್ಡು ಕೊಟ್ರು. ಗೋಪಾಲನಾಥರು ಕೂತು ಕಲಿತ್ರು. ನೀವೇನು ಮಾಡಿದ್ರಿ?” ಅಂದಳು.

“ಚಪ್ಪಾಳೆ ತಟ್ಟಿದೆ” ಅಂದೆ.

“ಜೊತೆಗೆ ಸ್ಪೀಕರ್ ಹೊತ್ರಿ. ನಾಳೆಯಿಂದ ಸಿಲಿಂಡರೂ ನೀವೇ ಹೊರಿ” ಅಂದಳು. ಎತ್ತಿಟ್ಟುಕೊಂಡದ್ದನ್ನು ಬಳಸುವ ಸಮಯ ಅವಳಿಗೆ ಸಿಕ್ಕಿತ್ತು.

ಈ ಸಲ ನಮ್ಮ ಬೀದಿಯ ಗಣಪತಿಗೆ ಅದೇ ತಂಡ ಬಂತು. ಏಳೂವರೆಗೆ ಮೈಕ್ ಟೆಸ್ಟಿಂಗ್, ಎಂಟಕ್ಕೆ ಗಜಮುಖನ ಸ್ತುತಿ, ಎಂಟೂವರೆಗೆ ಚೀಟಿಗಳ ಮಳೆ. ಹುಡುಗರದೆಲ್ಲ ಅಪ್ಪು ಹಾಡಿನ ಚೀಟಿ. ಯಾವುದೋ ಹಾಡಿಗೆ “ವನ್ಸ್ ಮೋರ್” ಅಂತ ನಾನೇ ಮೂರು ಸಲ ಕೂಗಿದೆ, ಮೂರು ಬೇರೆ ಬೇರೆ ದನಿಯಲ್ಲಿ, ಜನ ಜಾಸ್ತಿ ಇದ್ದಾರೆ ಅನ್ನಿಸಲಿ ಅಂತ. ಒಂಬತ್ತೂಮುಕ್ಕಾಲಿನ ಹೊತ್ತಿಗೆ ಪ್ರಸಾದ ಮುಗಿಯಿತು, ಪ್ರಸಾದದ ಜೊತೆ ಸಭೆಯೂ ಮುಗಿಯಿತು. ಹತ್ತಕ್ಕೆ ಮೈಕ್ ನಿಲ್ಲಿಸಲೇಬೇಕು, ಕಾನೂನು. ಕುರ್ಚಿ ಪೇರಿಸುವ ಶಾಮಿಯಾನದ ಹುಡುಗ, ಐಸ್‌ಕ್ರೀಂ ಗಾಡಿಯವನು, ನಾನು, ಒಂದು ನಾಯಿ, ಇಷ್ಟೇ ಉಳಿದಿದ್ದೆವು. ಗಾಯಕ ಕೊನೆಯ ಚೀಟಿ ಬಿಚ್ಚಿ ಓದಿದ. ಪಿಬಿಎಸ್ ಅವರದೊಂದು ಹಳೆಯ ಹಾಡು. ಸಭೆ ಖಾಲಿಯಾಗಿದೆ ಅಂತ ಅವನು ಒಂದು ಚರಣವನ್ನೂ ನುಂಗಲಿಲ್ಲ, ಪೂರ್ತಿ ಹಾಡಿದ. ಹತ್ತಕ್ಕೆ ಎರಡು ನಿಮಿಷ ಇರುವಾಗ ಮುಗಿಸಿ ಕೈಮುಗಿದ.

ವೈರು ಸುತ್ತಲು ಮೇಲೆ ಹೋದಾಗ ಆ ಚೀಟಿ ಕೀಬೋರ್ಡಿನ ಸ್ಟ್ಯಾಂಡಿನ ಹತ್ತಿರ ಬಿದ್ದಿತ್ತು. ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಾಳೆಯಿಂದ ಹರಿದ ತುಂಡು. ಮೇಲಿನ ಅಕ್ಷರ ನನಗೆ ಚೆನ್ನಾಗಿ ಗೊತ್ತು, ವಾರವಾರ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಅರ್ಧ ಕೆಜಿ ಹುರುಳಿಕಾಯಿ ಅಂತ ಬರೆದು ಕೊಡುವ ಅದೇ ಅಕ್ಷರ. ತಲೆಯೆತ್ತಿ ನೋಡಿದರೆ ನಮ್ಮ ಮನೆಯ ಮಹಡಿಯ ದೀಪ ಆಗಷ್ಟೇ ಆರಿತು. ನಾನೂ ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ.

ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನದೊಂದು ಅರಿಕೆ. ನಿಮ್ಮ ಬೀದಿಯಲ್ಲಿ ಪೆಂಡಾಲು ಹಾಕಿ ಯಾರಾದರೂ ಹಾಡುತ್ತಿದ್ದರೆ ಪ್ರಸಾದ ತಗೊಂಡು ಓಡಬೇಡಿ. ರಾಗ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ನೋಡಿಕೊಂಡು ತಲೆ ತೂಗಿ, ಕೊನೆಯ ಚೀಟಿಯವರೆಗೆ ಕೂತು ಚಪ್ಪಾಳೆ ತಟ್ಟಿ. ಎರಡನೇ ಸಾಲಿನ ಎಡತುದಿಯ ಕುರ್ಚಿ ಮಾತ್ರ ಬಿಡಿ. ಅದಕ್ಕೆ ಟವೆಲ್ ಹಾಕಿದ್ದೇನೆ. ಪಕ್ಕದ್ದಕ್ಕೂ ಒಂದು ಕರ್ಚೀಫು ಹಾಕಿಟ್ಟಿದ್ದೇನೆ, ಮುಂದಿನ ಸಲ ಮಹಡಿಯಿಂದ ಇಳಿದು ಬಂದರೆ ಇರಲಿ ಅಂತ.