ಬಹಿರ್ದೆಸೆಯಿಂದ ದುರ್ದೆಸೆಗೆ

ಕನ್ನಡದ ‘ದೆಸೆ’ ಎಂಬ ಪದ ಎರಡು ಸಂಸ್ಕೃತ ಮೂಲಗಳಿಂದ ಹೊರಟು ಒಂದೇ ರೂಪದಲ್ಲಿ ಬಂದು ನಿಂತಿದೆ. ‘ದಿಶಾ’ದಿಂದ ಬಂದದ್ದಕ್ಕೆ ದಿಕ್ಕು ಎಂದೂ ‘ದಶಾ’ದಿಂದ ಬಂದದ್ದಕ್ಕೆ ಸ್ಥಿತಿ ಎಂದೂ ಅರ್ಥ. ಮೊದಲನೆಯದು ತಂಬಿಗೆ ಹಿಡಿದು ಊರ ಹೊರದಿಕ್ಕಿಗೆ ನಡೆಯುವ ‘ಬಹಿರ್ದೆಸೆ’ಯಲ್ಲಿ ಸಿಗುತ್ತದೆ, ಎರಡನೆಯದು ‘ದುರ್ದೆಸೆ’ಯಲ್ಲಿ. ಈ ಎರಡು ಪದಗಳ ನಡುವಿನ ದೂರ ಎಷ್ಟು ಕಡಿಮೆ ಎಂಬುದನ್ನು ನಿಘಂಟುಕಾರರಿಗಿಂತ ಚೆನ್ನಾಗಿ ಬಲ್ಲವನು, ಒಳಚರಂಡಿಯಿಲ್ಲದ ಊರಿನಲ್ಲಿ ಅಟ್ಯಾಚ್ಡ್ ಬಾತ್‌ರೂಮಿನ ಮನೆ ಕಟ್ಟಿಸಿದ ಗೃಹಸ್ಥ.

ಮೊಳಕಾಲ್ಮೂರು ತಾಲ್ಲೂಕಿನ ಹೋಬಳಿ ಊರಾದ ದೇವಸಮುದ್ರದ ಸೀಮೆಯನ್ನು ಶೌಚಗುಂಡಿಯ ಶಾಸ್ತ್ರದ ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣವುಂಟು. ದೋರಸಮುದ್ರದಂತೆ ‘ಸಮುದ್ರ’ ಎಂದು ಮುಗಿಯುವ ಕನ್ನಡ ನಾಡಿನ ಊರ ಹೆಸರುಗಳು ಸಾಮಾನ್ಯವಾಗಿ ಸೂಚಿಸುವುದು ಕೆರೆಯನ್ನೇ ಹೊರತು ಕಡಲನ್ನಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿರುವುದರಿಂದ, ಹೆಸರಿನಲ್ಲಿರುವ ನೀರು ನೆಲದಲ್ಲಿ ಇರುತ್ತದೆಂಬ ಭರವಸೆ ಇಲ್ಲ. ಆರುನೂರು ಅಡಿ ಕೊರೆಸಿದ ಬೋರಿನಲ್ಲಿ ಬರೀ ಧೂಳೆದ್ದು ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತವನ ಮನೆಯ ಹಿತ್ತಿಲಲ್ಲಿ, ಆರಡಿ ತೋಡಿದ ಶೌಚದ ಗುಂಡಿ ಮಾತ್ರ ವರ್ಷವಿಡೀ ತುಂಬಿ ತುಳುಕುವುದು ಭೂಗರ್ಭಶಾಸ್ತ್ರಕ್ಕೂ ವಿಧಿಗೂ ಇರುವ ನಂಟಸ್ತಿಕೆಯನ್ನು ತೋರಿಸುತ್ತದೆ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಶೌಚಾಲಯಕ್ಕೆ 12,000 ರೂಪಾಯಿಯ ಪ್ರೋತ್ಸಾಹಧನ ಕೊಟ್ಟು ಬಹಿರ್ದೆಸೆಯ ‘ಬಹಿರ್’ ಅನ್ನು ಮನೆಯೊಳಕ್ಕೆ ತಂದಿತು. ಪೇಟೆಯ ಕಮೋಡು ಹಳ್ಳಿಗೆ ಬಂದಷ್ಟು ಸಲೀಸಾಗಿ ಪೇಟೆಯ ಒಳಚರಂಡಿ ಬರಲಿಲ್ಲವಾದ್ದರಿಂದ ಇಂಥ ಊರುಗಳಲ್ಲಿ ಪ್ರತಿ ಮನೆಯೂ ತಾನೇ ಒಂದು ಪುರಸಭೆಯಾಯಿತು. ಅದರ ಅಧ್ಯಕ್ಷನೂ ಇಂಜಿನಿಯರನೂ, ದೂರು ಕೊಡುವವನೂ ದೂರು ಕೇಳುವವನೂ ಒಬ್ಬನೇ ಗೃಹಸ್ಥ.

ಸೆಪ್ಟಿಕ್ ಟ್ಯಾಂಕ್ ಎಂದರೆ ನೀರು ಸೋರದಂತೆ ಕಟ್ಟಿದ ತೊಟ್ಟಿ. ಫ್ರಾನ್ಸಿನ ಮೂರಾಸ್ ಎಂಬಾತ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಇಂಥ ತೊಟ್ಟಿಗೆ 1881ರಲ್ಲಿ ಪೇಟೆಂಟ್ ದೊರೆಯಿತು. ಅದರೊಳಗೆ ಭಾರವಾದದ್ದು ತಳಕ್ಕಿಳಿದು ರಾಡಿಯಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ, ನಡುವಿನ ನೀರು ಮುಂದಿನ ಇಂಗುಗುಂಡಿಗೆ ಹರಿದು ಮಣ್ಣಿನಲ್ಲಿ ಇಂಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಸಂಬಳವಿಲ್ಲದೆ ರಾಡಿಯನ್ನು ಕರಗಿಸುತ್ತಿರುತ್ತವೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್, ಮಣ್ಣಿನ ಪದರಗಳನ್ನು ಓದಿ ನೂತನ ಶಿಲಾಯುಗ, ಬೃಹತ್ ಶಿಲಾಯುಗ, ಆಂಧ್ರ ಎಂಬ ಮೂರು ಸಂಸ್ಕೃತಿಗಳನ್ನು ಗುರುತಿಸಿದ. ಕೆನೆ, ನೀರು, ರಾಡಿ ಎಂಬ ಮೂರು ಪದರಗಳ ಹಿತ್ತಿಲ ಉತ್ಖನನಕ್ಕೆ ಮಾತ್ರ ಯಾವ ವಿದ್ವಾಂಸನೂ ಮುಂದೆ ಬರುವುದಿಲ್ಲ.

ಗುಂಡಿ ಕೈಕೊಡುವ ಕಾರಣಗಳಲ್ಲಿ ಮೊದಲನೆಯದು ವಾಸ್ತು. ಈಶಾನ್ಯ, ನೈಋತ್ಯಗಳು ಕೂಡದು, ವಾಯವ್ಯವೇ ಆಗಬೇಕೆಂದು ವಾಸ್ತುಪಂಡಿತರು ಅಪ್ಪಣೆ ಕೊಡುತ್ತಾರೆ. ನಿವೇಶನದ ಇಳಿಜಾರು ಆಗ್ನೇಯಕ್ಕಿದ್ದರೆ ನಾಲ್ಕಿಂಚಿನ ಪೈಪು ಏರುಮುಖವಾಗಿ ಸಾಗಬೇಕಾಗುತ್ತದೆ, ಆದರೆ ಪೈಪಿನೊಳಗಿನ ಪದಾರ್ಥ ವಾಸ್ತು ಓದಿಕೊಂಡಿರುವುದಿಲ್ಲ. ಎರಡನೆಯದು ಮಣ್ಣು. ಕೆಂಪು ಮರಳುಮಣ್ಣು ಎಷ್ಟು ಸುರಿದರೂ ಕುಡಿಯುತ್ತದೆ; ಎರೆಮಣ್ಣು, ಅಂದರೆ ಜಿಗುಟಾದ ಕಪ್ಪುಮಣ್ಣು, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಟ್ಟು, ಮಳೆಗಾಲದಲ್ಲಿ ಊದಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಮೂರನೆಯದು ಪ್ರತಿಷ್ಠೆ. ಮೊಮ್ಮಕ್ಕಳ ಕಾಲಕ್ಕೂ ತುಂಬಬಾರದೆಂದು ಹನ್ನೆರಡಡಿ ಆಳಕ್ಕೆ ಸಿಮೆಂಟ್ ರಿಂಗು ಇಳಿಸಿದವನು ಅದನ್ನು ಪಿತ್ರಾರ್ಜಿತ ಆಸ್ತಿಯಂತೆ ವರ್ಣಿಸುತ್ತಾನೆ. ನಿಜವಾಗಿ, ಸರಿಯಾದ ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ, ಒಳಗೆ ಬಂದಷ್ಟೇ ನೀರು ಹೊರಗೆ ಹೋಗುತ್ತಿರುತ್ತದೆ; ‘ತುಂಬಿಬಿಟ್ಟಿತು’ ಎಂದು ಬಯ್ಯಿಸಿಕೊಳ್ಳುವುದು ಟ್ಯಾಂಕಾದರೂ ಅನೇಕ ವೇಳೆ ಕುಡಿಯುವುದನ್ನು ನಿಲ್ಲಿಸಿದ್ದು ಇಂಗುಗುಂಡಿಯ ಮಣ್ಣು.

ರೋಗದ ಮೊದಲ ಲಕ್ಷಣ ಧ್ವನಿರೂಪದ್ದು. ಬಚ್ಚಲಿನ ಜಾಲರಿಯಿಂದ ‘ಗುಳುಗುಳು’ ಎಂಬ ನಾದ ಹೊರಡುತ್ತದೆ. ಆಮೇಲೆ ಕಮೋಡಿನ ನೀರು ಇಳಿಯುವ ಬದಲು ಅಂಚಿನವರೆಗೆ ಏರಿ, ಕ್ಷಣಕಾಲ ನಿಂತು, ಮನೆಯವರ ಮುಖ ನೋಡಿ, ಒಲ್ಲದ ಮನಸ್ಸಿನಿಂದ ಹಿಂದಿರುಗುತ್ತದೆ. ಇದು ಮನೆಯಲ್ಲಿ ಇಬ್ಬರೇ ಇರುವ ದಿನ ಸಂಭವಿಸುವುದಿಲ್ಲ; ಗೌರಸಮುದ್ರ ಮಾರಮ್ಮನ ಜಾತ್ರೆಗೆಂದು ಬಂದ ಹದಿನಾಲ್ಕು ಮಂದಿ ನೆಂಟರು ಬೆಳಗಿನ ಕಾಫಿ ಕುಡಿದು ಸಾಲಾಗಿ ನಿಂತಿರುವಾಗಲೇ ಸಂಭವಿಸುತ್ತದೆ.

ಚಿಕಿತ್ಸಕರಿಗೆ ಕೊರತೆಯಿಲ್ಲ. ಸಗಣಿನೀರು ಸುರಿಯಬೇಕೆಂದು ಒಬ್ಬರು, ಹುಳಿಮಜ್ಜಿಗೆಗೆ ಬೆಲ್ಲ ಕಲಸಿ ಬಿಡಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು ಆ್ಯಸಿಡ್ ಬಾಟಲಿಯನ್ನೇ ತಂದುಕೊಟ್ಟು, ಸಂಬಳವಿಲ್ಲದೆ ದುಡಿಯುತ್ತಿದ್ದ ಆ ಜೀವಿಗಳನ್ನು ಸಾಮೂಹಿಕವಾಗಿ ಕೊಲ್ಲಿಸುತ್ತಾರೆ. ಸೊಸೆ ಬಟ್ಟೆ ಒಗೆಯುವ ಮಷಿನ್ನನ್ನು ದೂರುತ್ತಾಳೆ, ಅತ್ತೆ ಸೊಸೆಯನ್ನು ದೂರುತ್ತಾಳೆ. ಸಾಬೂನಿನ ನೀರೂ ಅದೇ ಗುಂಡಿಗೆ ಬೀಳುತ್ತಿದ್ದರೆ, ಅಪರೂಪಕ್ಕೆ, ಸೊಸೆಯ ಮಾತೇ ಸರಿ.

ನಗು ನಿಲ್ಲಬೇಕಾದ ಒಂದು ಜಾಗವಿದೆ. ‘ಯಾರನ್ನಾದರೂ ಇಳಿಸೋಣ’ ಎಂಬ ಮಾತು ಇಂದಿಗೂ ಸಲೀಸಾಗಿ ಬಾಯಿಗೆ ಬರುತ್ತದೆ. ಚಪ್ಪಡಿಯ ಕೆಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿರುತ್ತವೆ. ಇಳಿದವನು ಕೂಗುವ ಮೊದಲೇ ಕುಸಿಯಬಹುದು. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕೇಂದ್ರ ಕಾಯ್ದೆ ಅಪರಾಧವಾಗಿಸಿತು, ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ತನ್ನ ಗುಂಡಿಯತ್ತ ಕಣ್ಣು ಹಾಯಿಸಲೂ ಮೂಗು ಮುಚ್ಚಿಕೊಳ್ಳುವವನು ಅದರೊಳಕ್ಕೆ ಇನ್ನೊಬ್ಬನನ್ನು ಕಳಿಸಲು ಹೇಸದಿರುವುದೇ ಈ ಶಾಸ್ತ್ರದಲ್ಲಿ ಕಾಣುವ ನಿಜವಾದ ದುರ್ದೆಸೆ.

ಆದ್ದರಿಂದ ಕರೆಯಬೇಕಾದದ್ದು ಸಕ್ಕಿಂಗ್ ಗಾಡಿಯನ್ನು. ಎರಡು ಮೂರು ವರ್ಷಕ್ಕೊಮ್ಮೆ ಬರಬೇಕಾದ ಈ ಅತಿಥಿಯನ್ನು ಹತ್ತು ವರ್ಷ ಮರೆತು, ಕೊನೆಗೆ ಮದುವೆ ದಿಬ್ಬಣವನ್ನು ಕಾಯುವಂತೆ ಬಾಗಿಲಲ್ಲಿ ನಿಂತು ಕಾಯಲಾಗುತ್ತದೆ. ಗಾಡಿ ಹೀರಿದ್ದು ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ನಿರ್ಮಾಣವಾದಂಥ ಶೌಚತ್ಯಾಜ್ಯ ಸಂಸ್ಕರಣಾ ಘಟಕ ಹತ್ತಿರದಲ್ಲಿಲ್ಲದಿದ್ದರೆ ಅದು ಯಾವುದೋ ಹಳ್ಳಕ್ಕೆ ಸೇರಿ, ಬಹಿರ್ದೆಸೆ ಮತ್ತೆ ಬಹಿರ್ದೆಸೆಯೇ ಆಗುತ್ತದೆ, ತಂಬಿಗೆಯ ಬದಲು ಟ್ಯಾಂಕರು ಬಂದಿರುತ್ತದೆ ಅಷ್ಟೆ.

ಅವಳಿಗುಂಡಿಯ ವಿಧಾನ ಈ ಸುತ್ತಾಟವನ್ನು ಹಿತ್ತಿಲಲ್ಲೇ ಮುಗಿಸುತ್ತದೆ. ಜಾಲರಿಯಂತೆ ಸಂದುಬಿಟ್ಟು ಇಟ್ಟಿಗೆ ಕಟ್ಟಿದ ಎರಡು ಗುಂಡಿಗಳಲ್ಲಿ ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ನೀರನ್ನು ಇನ್ನೊಂದಕ್ಕೆ ತಿರುಗಿಸಿ, ಒಂದೂವರೆ ಎರಡು ವರ್ಷ ತಾಳಿದರೆ ಮೊದಲನೆಯದರಲ್ಲಿ ಉಳಿಯುವುದು ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರ. ಅದನ್ನುಂಡ ಹಿತ್ತಿಲ ಬಾಳೆ ಬರಗಾಲದಲ್ಲೂ ಕಡುಹಸಿರಾಗಿ ನಿಂತು ಊರವರ ಕಣ್ಣು ಕುಕ್ಕುತ್ತದೆ. 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಶಾಸನದಲ್ಲಿ ಅಶೋಕ ಚಕ್ರವರ್ತಿ ಸತ್ಯವನ್ನೇ ನುಡಿಯಬೇಕೆಂದು ಈ ಸೀಮೆಯ ಜನರಿಗೆ ಅಪ್ಪಣೆ ಕೊಡಿಸಿದ್ದಾನೆ. ಹಣ್ಣಿನ ರುಚಿಗೆ ಮನಸೋತ ನೆಂಟರು ‘ಏನು ಗೊಬ್ಬರ ಹಾಕ್ತೀರಪ್ಪಾ?’ ಎಂದು ಕೇಳಿದಾಗ, ಗೃಹಸ್ಥ ಆ ಅಪ್ಪಣೆಯನ್ನು ಒಂದಿಷ್ಟೂ ಮೀರದೆ ಉತ್ತರಿಸುತ್ತಾನೆ: ‘ಎಲ್ಲಾ ಮನೇದೇ.’