ಮ್ಯಾಕ್ ತಂತ್ರಾಂಶದಲ್ಲಿ ಚಾಲಗೇಣಿ: ಒಂದು ಪ್ರೌಢ ವಿವೇಚನೆ

ಮ್ಯಾಕ್ ಆ್ಯಪ್‌ಗಳ ಚಂದಾ ವ್ಯಾಪಾರ ಅಮೆರಿಕದಲ್ಲಿ ಹುಟ್ಟಿತೆಂಬುದು ಪೂರ್ವಸೂರಿಗಳ ಮತ. ಈ ಪ್ರಬಂಧಕಾರನು ಅದನ್ನು ಸವಿನಯವಾಗಿ ಖಂಡಿಸುತ್ತಾನೆ. ಆ ಶಾಸ್ತ್ರವೆಲ್ಲ ಬಂಟ್ವಾಳ, ಬೆಳ್ತಂಗಡಿಯ ಗದ್ದೆಬದುಗಳಲ್ಲಿ ಮೊದಲೇ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯದವರು ಅಕ್ಕಿಮುಡಿಯ ಬದಲು ಕ್ರೆಡಿಟ್ ಕಾರ್ಡ್ ಕೇಳಿದರು, ಅಷ್ಟೆ.

ಪ್ರಮಾಣ ಇಂತಿದೆ. ನಮ್ಮ ಜಿಲ್ಲೆಯಲ್ಲಿ ಹಿಂದೆ ಮೂಲಗೇಣಿ ಶಾಶ್ವತವಾಗಿತ್ತು. ಗೇಣಿ ಏರುತ್ತಿರಲಿಲ್ಲ, ಹಕ್ಕು ಮಕ್ಕಳಿಗೂ ಬರುತ್ತಿತ್ತು. ಚಾಲಗೇಣಿ ಧಣಿಯ ಮರ್ಜಿಯಾಗಿತ್ತು. ಗೇಣಿ ಏರಿಸಬಹುದಿತ್ತು, ಒಕ್ಕಲನ್ನು ಎಬ್ಬಿಸಲೂಬಹುದಿತ್ತು. ಲೈಫ್‌ಟೈಮ್ ಲೈಸೆನ್ಸ್ ಮೂಲಗೇಣಿಯಾದರೆ ಸಬ್‌ಸ್ಕ್ರಿಪ್ಷನ್ ಅಪ್ಪಟ ಚಾಲಗೇಣಿ. ನವೆಂಬರಿನ ಬ್ಲ್ಯಾಕ್ ಫ್ರೈಡೇಯಲ್ಲಿ 'ಮೊದಲ ವರ್ಷ ಅರ್ಧ ಬೆಲೆ' ಎಂದು ಕಂಡಾಗ ಎರಡನೆಯ ವರ್ಷದ ಗೇಣಿಯನ್ನು ಸಣ್ಣಕ್ಷರದಲ್ಲಿ ಹುಡುಕುವುದೇ ಮೀಮಾಂಸೆಯ ಪ್ರಥಮ ಸೂತ್ರ.

ಪೂರ್ವಪಕ್ಷ: ಹಾಗಾದರೆ ಮೂಲಗೇಣಿಯೇ ಲೇಸಲ್ಲವೇ? ಅಲ್ಲ. 2019ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲೀನಾ 32 ಬಿಟ್ ಆ್ಯಪ್‌ಗಳನ್ನು ಸಾರಾಸಗಟು ನಿಲ್ಲಿಸಿತು. ಕೈಯಲ್ಲಿ ಶಾಶ್ವತ ಪತ್ರ, ಗದ್ದೆಯೇ ಮಾಯ. ಇನ್ನು 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ. ಒಕ್ಕಲುಗಳು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯೆದುರು ನಿಂತರು. ವರ್ಷಗಟ್ಟಲೆ ಒಂದೇ ಆ್ಯಪ್‌ನಲ್ಲಿ ಮದುವೆ ಆಲ್ಬಮ್ ಉತ್ತ ಬೆಳ್ತಂಗಡಿಯ ಸ್ಟುಡಿಯೊ ಮಾಲಕರಿಗೆ ಅಂಥ ನಮೂನೆ ಯಾವ ತಾಲೂಕು ಕಚೇರಿಯಲ್ಲೂ ಸಿಗುವುದಿಲ್ಲ.

ಉಂಬಳಿ ಭೂಮಿಯೂ ಉಂಟು. ಪೇಜಸ್, ನಂಬರ್ಸ್, ಕೀನೋಟ್, ಐಮೂವಿ, ಗ್ಯಾರೇಜ್‌ಬ್ಯಾಂಡ್ 2017ರಿಂದ ಎಲ್ಲರಿಗೂ ಪುಕ್ಕಟೆ. ಆದರೂ ಪಹಣಿ, ತೆರಿಗೆ ರಶೀದಿಗಳ ಪಿಡಿಎಫ್ ಒಟ್ಟುಮಾಡಲು ಹಣ ಕೊಟ್ಟು ಆ್ಯಪ್ ತೆಗೆದುಕೊಳ್ಳುವ ಮಹನೀಯರಿದ್ದಾರೆ. ಮ್ಯಾಕ್‌ನಲ್ಲೇ ಇರುವ ಪ್ರಿವ್ಯೂ ತೆರೆದು, ಒಂದು ಕಡತದ ಪುಟಚಿತ್ರಗಳನ್ನು ಇನ್ನೊಂದರ ಪುಟಚಿತ್ರಗಳ ನಡುವೆ ಎಳೆದುಹಾಕಿದರೆ ಕೆಲಸ ಮುಗಿಯಿತು. ಬಿಳಿ ಕಾಗದದಲ್ಲಿ ಸಹಿ ಮಾಡಿ ಕ್ಯಾಮರಾಕ್ಕೆ ಹಿಡಿದರೆ ಅದನ್ನೂ ಎತ್ತಿಕೊಳ್ಳುತ್ತದೆ. ಕನ್ನಡ ಕೀಲಿಮಣೆಗೂ ಕಾಸಿಲ್ಲ; ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು.

ಫ್ಯಾಮಿಲಿ ಶೇರಿಂಗ್ ಎಂಬುದು ಅಳಿಯಕಟ್ಟಿನ ಅಪಭ್ರಂಶ. ಯಜಮಾನನೂ ಸೇರಿ ಆರೇ ಜನ. ಖರೀದಿ ಹಂಚಿಕೆ ಇದ್ದರೆ ಎಲ್ಲರ ಬಿಲ್ಲೂ ಯಜಮಾನನ ತಲೆಗೆ ಬರಬಹುದು. ಆರು ಜನ ಕೂತರೆ ಗುತ್ತಿನ ಮನೆಯ ಚಾವಡಿಯ ಒಂದು ಮೂಲೆಯೂ ತುಂಬುವುದಿಲ್ಲ ಎಂಬುದನ್ನು ಆ್ಯಪಲ್‌ನವರು ಪರಿಗಣಿಸಿದಂತಿಲ್ಲ.

ಬ್ಯಾಕಪ್ ವಿಷಯದಲ್ಲಿ ಮೂಡುಬಿದಿರೆಯೇ ಪರಮ ಪ್ರಮಾಣ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿ ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿತ್ತು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡಲು ಕುಳಿತ ಲಿಪಿಕಾರ ಗುಟ್ಟಾಗಿ ಇನ್ನೊಂದನ್ನೂ ಬರೆದುಕೊಂಡ. ಅದು ಊರಾಚೆ ಹೋಯಿತು, 1939ರಿಂದ ಗ್ರಂಥ ಅಚ್ಚಾಗತೊಡಗಿತು. ಮ್ಯಾಕ್‌ಗೆ 2007ರಲ್ಲಿ ಬಂದ ಟೈಮ್ ಮಷೀನ್ ಈ ಲಿಪಿಕಾರನ ಕೆಲಸವನ್ನು ಗುಟ್ಟಿಲ್ಲದೆ, ದಕ್ಷಿಣೆಯಿಲ್ಲದೆ ಮಾಡುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಒಂದನ್ನು ಮಾತ್ರ ಚುಚ್ಚಿಕೊಡಬೇಕು.

ಇತಿ ಸಿದ್ಧಾಂತ. ವಾಚಕರು ಈಗಲೇ ಆ್ಯಪ್ ಸ್ಟೋರ್ ತೆರೆದು, ಎಡಗಡೆ ಕೆಳಗಿರುವ ತಮ್ಮ ಹೆಸರು ಒತ್ತಿ, ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಚಂದಾಗಳ ಪಟ್ಟಿ ನೋಡಿಕೊಳ್ಳತಕ್ಕದ್ದು. ಬೇಡದ್ದನ್ನು ನವೀಕರಣಕ್ಕೆ 24 ಗಂಟೆ ಮುಂಚೆಯೇ ರದ್ದುಮಾಡಬೇಕು. ಮರುದಿನ ಅರ್ಜಿ ಹಿಡಿದು ಹೋಗಲು ಇಲ್ಲಿ ತಹಶೀಲ್ದಾರರಿಲ್ಲ.