ಭಾವ ತರಿಸಿದ ಆಲ್ಕೋಹಾಲು

ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಸಾಹೇಬ ಇಲ್ಲಿ ಗಾಜು ಕಾಯಿಸುವ ಬಗೆಯನ್ನು ಬರೆದಿಟ್ಟಿದ್ದಾನೆ. ಅಂಥ ಊರಿನವನಿಗೆ ಒಂದು ಡಬ್ಬಿ ಕ್ರೀಮು ಕಾಯಿಸುವುದು ಯಾವ ಲೆಕ್ಕ? ತೋಟದ ಕೊಬ್ಬರಿಯ ಎಣ್ಣೆಯಿತ್ತು, ಬೋರ್‌ವೆಲ್ ನೀರಿತ್ತು. ಅಂಗಡಿ ಕ್ರೀಮಿನ ಬೆನ್ನ ಮೇಲಿನ ಪಟ್ಟಿ ಓದಿ, ಮನೆಯಲ್ಲಿಲ್ಲದ ಸೀಟೈಲ್ ಆಲ್ಕೋಹಾಲನ್ನು ಕೊರಿಯರಿನಲ್ಲಿ ತರಿಸಿದೆ.

ಪಾರ್ಸೆಲ್ಲಿಗಿಂತ ಮೊದಲು ಅದರ ಹೆಸರು ಊರು ಸುತ್ತಿತು. ಸಂಜೆಗೆ ಭಾಮೈದ ಖಾರ ಮಂಡಕ್ಕಿ ಹಿಡಿದು ಹಾಜರು.

"ಏನ್ ಭಾವ, ಒಬ್ರೇ ತರಿಸ್ಕಂಡ್ರಂತೆ?"

ಬಿಚ್ಚಿದರೆ ಬಿಳೀ ಚಕ್ಕೆ. ಮೂಸಿದ. ವಾಸನೆಯಿಲ್ಲ. "ಒಣಗಿಸಿ ಕಳಿಸ್ಯಾರೆ. ನಾನು ನೀರು ಬೆರೆಸೋನಲ್ಲ, ಆದ್ರೂ ಇವತ್ತೊಂದಿನ" ಎಂದು ಲೋಟದ ನೀರಿಗೆ ಹಾಕಿದ. ತೇಲಿತು. ಕಲಕಿದ. ಮತ್ತೂ ತೇಲಿತು.

ನಾನು ಮೇಷ್ಟರ ಗತ್ತು ತಂದುಕೊಂಡೆ: "ನೀನು ಕುಡಿಯೋ ಆಲ್ಕೋಹಾಲಲ್ಲಿ ಇಂಗಾಲದ ಪರಮಾಣು 2, ಇದರಲ್ಲಿ 16. ಅದು ನೀರಲ್ಲಿ ಬೆರೆಯುತ್ತೆ, ಬೇಗ ಆರುತ್ತೆ, ಚರ್ಮಾನೂ ಒಣಗಿಸುತ್ತೆ. ಇದು ಮೇಣದ ಜಾತಿ, ಚರ್ಮದ ತೇವ ಹೋಗದಂತೆ ಕಾಯುತ್ತೆ. 1817ರಲ್ಲಿ ಫ್ರಾನ್ಸಿನ ಶೆವ್ರಲ್ ತಿಮಿಂಗಿಲದ ತಲೆಯ ಮೇಣದಿಂದ ತೆಗೆದಿದ್ದ. ಈಗ ತಾಳೆ ಎಣ್ಣೆಯಿಂದ್ಲೂ ಮಾಡ್ತಾರೆ."

"ಕಿಕ್ಕು?"

"ಇಲ್ಲ."

ಮಂಡಕ್ಕಿ ಸಮೇತ ಎದ್ದು ಹೋದ.

ನಾನು ಹಾಲಿನ ಪಾತ್ರೆಗೆ ಎಣ್ಣೆ, ಚಕ್ಕೆ ಹಾಕಿ ಒಲೆಗಿಟ್ಟೆ. 50 ಡಿಗ್ರಿಯ ಆಸುಪಾಸಿನಲ್ಲಿ ಚಕ್ಕೆ ಕರಗಿತು. ಬಿಸಿನೀರು ಸುರಿದು ಕಡಗೋಲಿನಿಂದ ಕಡೆದೆ. ಬೆಳ್ಳಗೆ, ನುಣ್ಣಗೆ, ಸಾಕ್ಷಾತ್ ಕ್ರೀಮು! ಹೆಂಡತಿಯನ್ನು ಕೂಗಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ನೀರು ಕೆಳಗಿಳಿದು ಮೇಣ ಮೇಲೆ ಕೂತಿತ್ತು. ಕಡಗೋಲಿಗೂ ಬಿಳೀ ಅಂಗಿ.

ಚಿತ್ರದುರ್ಗದಲ್ಲಿ ಫಾರ್ಮಸಿ ಓದುವ ತಂಗಿಯ ಮಗಳು ಫೋನಿನಲ್ಲಿ ನಕ್ಕು ಮುಗಿಸಿ ಹೇಳಿದಳು: "ಮಾವ, ಅದು ಕ್ರೀಮನ್ನ ಗಟ್ಟಿ ಮಾಡುತ್ತೆ, ಎಮಲ್ಸಿಫೈಯರಿಗೆ ಆಸರೆ ಕೊಡುತ್ತೆ. ಅದೊಂದೇ ಎಣ್ಣೆ, ನೀರಿನ ಸಂಸಾರ ನಡೆಸಲ್ಲ. ಪ್ರಿಸರ್ವೇಟಿವ್ ಇಲ್ದೆ ಬೋರಿನ ನೀರು ಹಾಕಿದ್ರೆ ನಾಲ್ಕು ದಿನಕ್ಕೆ ಬೂಷ್ಟು."

ಹೆಂಡತಿ ಮಾತಾಡಲಿಲ್ಲ. ನೀರು ಚೆಲ್ಲಿದಳು, ಮೇಲಿನ ಮೇಣವನ್ನು ಎಣ್ಣೆಯ ಜೊತೆ ಮತ್ತೆ ಕರಗಿಸಿ ಡಬ್ಬಿಗೆ ತುಂಬಿದಳು, ಒಡೆದ ಹಿಮ್ಮಡಿಗೆ ಸವರಿಕೊಂಡಳು.

"ಒಳ್ಳೇ ಮಾಲೇ ರೀ ಇದು. ನೀರು ಬೆರೆಸಿ ಕೆಡಿಸಿದ್ರಿ, ಅಷ್ಟೆ."

ಎಷ್ಟಾದರೂ ಆ ತಮ್ಮನ ಅಕ್ಕ.